ಗಾದಿಯೊಳಗಿನ ಬೆಳ್ಳಿ

ನಮ್ಮ ಮನೆಯವರು ಎಡಗೈಯಿಂದ ಹೊಲಿಯುತ್ತಿದ್ದರು. ಗಾದಿಯ ಅಂಚಿಗೆ ಅವರು ಹಾಕಿದ ಹೊಲಿಗೆ ಬೇರೆಯವರ ಹೊಲಿಗೆಗೆ ವಿರುದ್ಧವಾಗಿ ವಾಲಿರುತ್ತಿತ್ತು. ಕುಷ್ಟಗಿಯಲ್ಲಿ ಯಾರ ಮನೆಗೆ ಹೋದರೂ ಮಂಚದ ಮೇಲಿನ ಗಾದಿ ನಮ್ಮ ಅಂಗಡಿಯದು ಹೌದೋ ಅಲ್ಲವೋ ಎಂದು ಅಂಚು ನೋಡಿಯೇ ನಾನು ಹೇಳುತ್ತಿದ್ದೆ.

ಮದುವೆಯ ದಿನಗಳಲ್ಲಿ ಅವರಿಗೆ ಪುರುಸೊತ್ತು ಇರುತ್ತಿರಲಿಲ್ಲ. ಹೆಣ್ಣಿನ ಕಡೆಯವರು ಜೋಡಿ ಗಾದಿ, ತಲೆದಿಂಬು ಮಾಡಿಸುತ್ತಾರೆ. ಅಂಥ ಒಂದು ಕೆಲಸ ಮುಗಿದು ಕೈಗೆ ಹಣ ಬಂದರೆ, ಬಟ್ಟೆ ತರಲು ಕೊಪ್ಪಳಕ್ಕೆ ಹೋದವರು ಬರುವಾಗ ಹತ್ತು ಗ್ರಾಮಿನ ಒಂದು ಬೆಳ್ಳಿ ನಾಣ್ಯವನ್ನೂ ತರುತ್ತಿದ್ದರು. ಬಂಗಾರದ ಮಾತು ಎತ್ತಿದರೆ, "ಬಂಗಾರದ ಅಂಗಡ್ಯಾಗ ನನ್ನ ಅಂಗಿ ಮ್ಯಾಲಿನ ಹತ್ತಿ ನೋಡಿ ಕುಂಡ್ರ ಅನ್ನಂಗಿಲ್ಲ. ಬೆಳ್ಳಿ ಅಂಗಡ್ಯಾಗ ಚಾ ಕುಡಿಸ್ತಾರ" ಎನ್ನುತ್ತಿದ್ದರು.

ನಾಣ್ಯಗಳನ್ನು ಅವರು ಇಡುತ್ತಿದ್ದದ್ದು ನಾವು ಮಲಗುವ ಗಾದಿಯಲ್ಲಿ. ಹತ್ತಿಯ ಗಾದಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯಬೇಕು. ಪ್ರತಿ ಬೇಸಿಗೆಯಲ್ಲೂ ನಮ್ಮ ಗಾದಿ ಬಿಚ್ಚಿದಾಗ ಆ ವರ್ಷದ ನಾಣ್ಯಗಳನ್ನು ಚಿಕ್ಕ ಚಿಕ್ಕ ಬಟ್ಟೆಯಲ್ಲಿ ಸುತ್ತಿ, ಕೆಳಬದಿಯಲ್ಲಿ ಹತ್ತಿ ಸರಿಯದಂತೆ ಹಾಕುವ ಒಂದೊಂದು ದಾರದ ಗಂಟಿನ ಹತ್ತಿರ ಇಟ್ಟು ಹೊಲಿದುಬಿಡುತ್ತಿದ್ದರು. "ಕಳ್ಳ ಬಂದ್ರ ಕಪಾಟು ಒಡೀತಾನ. ಗಾದಿ ಹೊತ್ಕೊಂಡು ಓಡಾಕ ಅವ್ನಿಗೇನು ಹುಚ್ಚೇನು?" ಎಂದು ನಗುತ್ತಿದ್ದರು. ಹೀಗೆ ಒಂದು ಕಿಲೋಗೆ ತುಸು ಕಡಿಮೆ ಬೆಳ್ಳಿ ನಮ್ಮ ಬೆನ್ನ ಕೆಳಗಿತ್ತು. ಅದು ನನ್ನನ್ನು ಮತ್ತು ಅವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾಣ್ಯಗಳಿವೆ ಎಂದು ನನ್ನ ಮೈದುನನಿಗೆ ತಿಳಿದಿತ್ತು, ಎಲ್ಲಿವೆ ಎಂದು ತಿಳಿದಿರಲಿಲ್ಲ.

ಆ ಬೆಳ್ಳಿ ಅಂಗಡಿಗಾಗಿ. ಬಸ್ ನಿಲ್ದಾಣದ ರಸ್ತೆಯಲ್ಲಿದ್ದ ನಮ್ಮ ಅಂಗಡಿ ಬಾಡಿಗೆಯದು. ಅದರ ಮಾಲೀಕರು ಕಿರಾಣಿ ವ್ಯಾಪಾರ ಮಾಡಿ ವಯಸ್ಸಾದವರು, ಮಗಳ ಊರಿಗೆ ಹೋಗಿ ಇರುವವರಿದ್ದರು. ಅಂಗಡಿಯನ್ನು ಮಾರುತ್ತೇನೆ, ನಿಮಗೆ ಬೇಕಾದರೆ ಮೊದಲು ಸಂಚಕಾರವೆಂದು ಮುಂಗಡ ಹಣ ಕೊಡಿ, ಉಳಿದದ್ದನ್ನು ವರ್ಷವರ್ಷ ಕೊಡುತ್ತಾ ಬನ್ನಿ ಎಂದಿದ್ದರು. ಇಷ್ಟು ಸುಲಭವಾಗಿ ನಮಗೆ ಬೇರೆ ಯಾರೂ ಕೊಡುತ್ತಿರಲಿಲ್ಲ. ಬೆಳ್ಳಿ ಇನ್ನೂ ಸ್ವಲ್ಪ ಏರಿದರೆ ಸಂಚಕಾರಕ್ಕೆ ಆಗುತ್ತದೆ ಎಂದು ನಮ್ಮವರು ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ರೇಟು ನೋಡುತ್ತಿದ್ದರು.

ದೀಪಾವಳಿ ಕಳೆದ ಮರುವಾರ ನಮ್ಮವರು ಅಂಗಡಿಯಲ್ಲಿಯೇ ತೀರಿಹೋದರು. ಹತ್ತಿ ಹಿಂಜುವ ಮಷಿನ್ ಬರಿದೇ ತಿರುಗುತ್ತಿರುವ ಸದ್ದು ಕೇಳಿ ಪಕ್ಕದ ಚಹಾ ಅಂಗಡಿಯವನು ಒಳಗೆ ಹೋಗಿ ನೋಡಿದನಂತೆ. ಮನೆಗೆ ತಂದಾಗ ಅವರ ಹುಬ್ಬಿನಲ್ಲಿ ಹತ್ತಿಯ ಎಳೆ ಹಾಗೆಯೇ ಇತ್ತು.

ನಮ್ಮಲ್ಲಿ ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂಡುತ್ತಾಳೆ. ಮನೆ ಬಿಟ್ಟು ಹೋಗುವಂತಿಲ್ಲ, ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ. ಮೈದುನನೂ ಪರದೆಯ ಆಚೆ ನಿಂತೇ ಮಾತಾಡಬೇಕು. ಯಾರೂ ನನ್ನನ್ನು ಕೂಡಿಹಾಕಿರಲಿಲ್ಲ. ಹೊರಗೆ ಹೋಗುವ ಮನಸ್ಸು ನನಗೇ ಇರಲಿಲ್ಲ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾನು ಮತ್ತು ಅತ್ತೆ. ನನಗೂ ಹೊಲಿಗೆ ಬರುತ್ತದೆ, ಅತ್ತೆಗೂ ಬರುತ್ತದೆ. ಅಂಗಡಿ ಉಳಿದರೆ ಇಬ್ಬರೂ ಅಲ್ಲಿಯೇ ಕೂತು ದುಡಿದು ತಿನ್ನಬಹುದು, ಯಾರ ಮನೆಯ ಬಾಗಿಲಿಗೂ ಹೋಗಬೇಕಾಗಿಲ್ಲ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಮಾಲೀಕರು ಮಾತಾಡಿಸಲು ಬಂದು ಹೊರಗೆ ಕಟ್ಟೆಯ ಮೇಲೆ ಕೂತು, ನನಗೆ ಕೇಳಿಸುವಂತೆ ಹೇಳಿದರು: "ಅವ್ವಾ, ನಾ ಅವಸರ ಮಾಡಂಗಿಲ್ಲ. ಸಂಕ್ರಮಣ ಕಳೀಲಿ. ಅಲ್ಲೀತನಕ ಯಾರು ಕೇಳಿದ್ರೂ ಇಲ್ಲ ಅಂತೀನಿ."

ನಲವತ್ತನೆಯ ದಿನಕ್ಕೆ ನೆಂಟರು ಸೇರಿದರು. ಗಂಗಾವತಿಯಿಂದ ನಮ್ಮವರ ಸೋದರತ್ತೆ ಬಂದಿದ್ದರು. ಊಟ ಮುಗಿದ ಮೇಲೆ ಅವರು, ತೀರಿಕೊಂಡವನ ಹಾಸಿಗೆಯನ್ನು ಬಡವರಿಗೆ ಕೊಟ್ಟುಬಿಡಬೇಕು ಎಂದರು. ದರ್ಗಾದ ಬಾಗಿಲಲ್ಲಿ ಕೂರುವ ಒಬ್ಬನಿಗೆ ಹೇಳಿಯೂ ಕಳಿಸಿದ್ದರು. ಅವನು ತಳ್ಳುಗಾಡಿ ತಂದು ಹೊರಗೆ ನಿಂತಿದ್ದ. ನಾನು ಹೋಗಿ ಗಾದಿಯ ಮೇಲೆ ಕೂತೆ.

"ಏಳವ್ವಾ," ಎಂದರು ಸೋದರತ್ತೆ. "ಕೊಟ್ರ ಅದರ ಪುಣ್ಯ ಅವನಿಗೆ ಮುಟ್ಟತೈತಿ."

"ಬ್ಯಾರೆ ಏನರ ಕೊಡ್ರಿ. ಇದನ್ನ ಕೊಡಂಗಿಲ್ಲ."

"ನೋಡ್ರಿ ಇಕಿನ್ನ! ಗಾದಿ ಮಾಡೋರ ಮನಿ ಸೊಸಿ ಒಂದು ಗಾದಿಗೆ ಹಿಂಗ ಮಾಡಿದ್ರ ಹೆಂಗ? ನಾಳೆ ಇನ್ನೊಂದು ಹೊಲ್ಕೋ. ಕೈ ಇಲ್ಲೇನು ನಿನಗ?"

"ಎಡಗೈಲೆ ಹೊಲ್ಯಾವ್ರು ಯಾರದಾರ?" ಎಂದುಬಿಟ್ಟೆ.

ಕೋಣೆ ತುಂಬ ಹೆಂಗಸರಿದ್ದರು. ಸೋದರತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತೆ ಎದ್ದು ಹೋಗಿ ತಮ್ಮ ಗಾದಿಯನ್ನೇ ಸುರುಳಿ ಸುತ್ತಿ ಹೊರಗಿನವನಿಗೆ ಕೊಟ್ಟರು.

ನಾನು ಆ ಮಾತು ಆಡಿದ್ದು ಬೆಳ್ಳಿ ಉಳಿಸಿಕೊಳ್ಳಲು. ಅಷ್ಟು ಜನರ ಮುಂದೆ ಒಳಗೆ ಬೆಳ್ಳಿಯಿದೆ ಎನ್ನಲಾರದೆ, ಬಾಯಿಗೆ ಬಂದ ನೆಪ ಹೇಳಿದ್ದೆ. ಆದರೆ ಹೇಳಿದ ಮೇಲೆ ಅದು ನೆಪವಾಗಿ ಉಳಿಯಲಿಲ್ಲ. ಎಲ್ಲರೂ ಹೋದ ಮೇಲೆ ಗಾದಿಯ ಅಂಚನ್ನು ಕೈಯಿಂದ ಸವರಿ ನೋಡಿದೆ. ಊರಿನ ಗಾದಿಗಳನ್ನೆಲ್ಲ ಬೇಸಿಗೆಗೆ ಬಿಚ್ಚುತ್ತಾರೆ. ಬೇರೆ ಯಾರೋ ಬಲಗೈಯಿಂದ ಮತ್ತೆ ಹೊಲಿಯುತ್ತಾರೆ. ಎರಡು ಮೂರು ವರ್ಷದಲ್ಲಿ ಆ ಹೊಲಿಗೆ ಎಲ್ಲಿಯೂ ಇರುವುದಿಲ್ಲ.

ಮರುದಿನ ಅತ್ತೆ ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು: "ಅದರಾಗ ಐತೇನು?"

"ಐತ್ರೀ ಅತ್ತಿ."

"ಅವನ ಬುದ್ಧಿ!" ಎಂದು ನಕ್ಕು, ಕಣ್ಣು ಒರೆಸಿಕೊಂಡರು. ಕಿರಿಯ ಮಗನಿಗೂ ಅವರು ಅದನ್ನು ಹೇಳಲಿಲ್ಲ.

ಆಮೇಲೆ ಬೆಳ್ಳಿ ಏರತೊಡಗಿತು. ಮೈದುನ ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಟಂಟಂ ಗಾಡಿ ಓಡಿಸುತ್ತಾನೆ. ಸಂಜೆ ಬಂದು ಪರದೆಯ ಆಚೆ ನಿಂತು ರೇಟು ಹೇಳುವುದು ಅವನಿಗೆ ರೂಢಿಯಾಯಿತು.

"ಭಾಬಿ, ಕಿಲೋಕ್ಕ ಎರಡು ಲಕ್ಷ ಆತು! ಅಣ್ಣ ಇದ್ದಿದ್ರ ಕುಣೀತಿದ್ದ."

"ಹಂಗಾರ ಸಂಚಕಾರಕ್ಕ ಆಗತೈತೇನು?"

"ಆಗತೈತಿ. ಮಾರೂದಾದ್ರ ಹೇಳ್ರಿ, ನಾಳೆ ಒಯ್ತೀನಿ. ಎಲ್ಲಿ ಅದಾವು?"

"ಅದಾವು. ತಗದು ಇಡ್ತೀನಿ," ಎಂದೆ.

ಮರುದಿನ ಮಧ್ಯಾಹ್ನ ಬಾಗಿಲು ಮುಂದಕ್ಕೆ ಹಾಕಿ ಗಾದಿ ಮಗುಚಿದೆ. ಕತ್ತರಿ ಹಿಡಿದು ಮೊದಲ ಗಂಟಿನ ದಾರಕ್ಕೆ ತುದಿ ಹಚ್ಚಿದೆ. ಬಟ್ಟೆಯ ಮೇಲೆ ಬೆರಳು ಒತ್ತಿದರೆ ಒಳಗೆ ನಾಣ್ಯದ ಗಟ್ಟಿ ತಗಲುತ್ತಿತ್ತು. ನೂರಾರು ಗಾದಿ ಬಿಚ್ಚಿದ ಕೈ ನನ್ನದು. ಅವತ್ತು ಅದು ಒತ್ತಲಿಲ್ಲ. ಗಾದಿಯನ್ನು ಮತ್ತೆ ಮಗುಚಿ, ಮೇಲೆ ಚಾದರ ಹಾಸಿದೆ.

ಸಂಜೆ ಮೈದುನ ಬಂದು ಕೇಳಿದ. "ಇನ್ನಷ್ಟು ಏರಲಿ," ಎಂದೆ.

"ಛಲೋ ವಿಚಾರ ಮಾಡೀರಿ ಭಾಬಿ!" ಎಂದ. ಅವನಿಗೆ ಖುಷಿಯಾಗಿತ್ತು. "ಈಗ ಯಾರು ಮಾರ್ತಾರ? ಸಂಚಕಾರ ಕೊಟ್ಟು, ಮ್ಯಾಲೆ ಹೊಸ ಮಷಿನ್ನೂ ತರಬಹುದು."

ನಾನು ಇನ್ನಷ್ಟು ಏರಲಿ ಎಂದು ಬೆಳ್ಳಿ ಹಿಡಿದು ಕೂತಿದ್ದೇನೆ ಎಂಬ ಮಾತು ಊರಿಗೆ ಹಬ್ಬಿತು. ಮಾತಾಡಿಸಲು ಬಂದ ಹೆಂಗಸರು ಒಂದು ಗಳಿಗೆ ಅತ್ತು, ಆಮೇಲೆ ರೇಟು ಕೇಳುತ್ತಿದ್ದರು. ಎದುರು ಮನೆಯಲ್ಲಿ ರೊಟ್ಟಿ ಮಾಡಿ ಮಾರುವವಳು ದೀಪಾವಳಿಯ ಲಕ್ಷ್ಮೀ ಪೂಜೆಗೆಂದು ಎರಡು ನಾಣ್ಯ ಕೊಂಡಿದ್ದಳು. ಅವಳು ದಿನಾ ಬಿಸಿ ರೊಟ್ಟಿ ತಂದು ಕೊಟ್ಟು, "ನನ್ನ ಲಕ್ಷ್ಮಿ ಇವತ್ತು ಎಷ್ಟಕ್ಕ ನಿಂತಾಳವ್ವಾ? ನಿನ್ನ ಮೈದುನ ಏನಂದ?" ಎನ್ನುತ್ತಿದ್ದಳು.

"ಮೂರು ಲಕ್ಷದ ಹತ್ರ ಅಂತ."

"ಯವ್ವಾ! ನಾ ಒಲಿ ಮುಂದ ಕುಂತು ಮಕಾ ಸುಟ್ಕೊಳ್ಳೂದು ಯಾಕ ಬೇಕು! ನೀ ಭಾಳ ಶಾಣ್ಯಾಕಿ ಬಿಡು. ನಾನಾಗಿದ್ರ ಎಂದೋ ಮಾರಿ ತಿಂತಿದ್ದೆ. ನೀ ಗಟ್ಟಿ ಕುಂತಿ."

ನಾನು ಗಟ್ಟಿ ಕೂತಿರಲಿಲ್ಲ. ಆದರೆ ಅಲ್ಲವೆಂದು ಹೇಳುವುದು ಹೇಗೆ? ಹೊಲಿಗೆ ಬಿಚ್ಚಲಾರೆ, ಅದಕ್ಕೆ ಮಾರಿಲ್ಲ ಎಂದರೆ ಅವರಿಗೆ ಬೆಳ್ಳಿ ಎಲ್ಲಿದೆ ಎಂದೂ ತಿಳಿಯುತ್ತದೆ, ನನಗೆ ತಲೆ ಕೆಟ್ಟಿದೆ ಎಂದೂ ಅನ್ನಿಸುತ್ತದೆ. ಶಾಣ್ಯಾಕಿ ಎಂದರೆ ತಲೆ ತಗ್ಗಿಸುತ್ತಿದ್ದೆ. ಬೆಳ್ಳಿ ಏರಿದಷ್ಟೂ ನನ್ನ ಜಾಣತನ ಏರುತ್ತಿತ್ತು. ರಾತ್ರಿ ಆ ಗಾದಿಯ ಮೇಲೆ ಮಲಗಿದರೆ ಮಗ್ಗಲು ಬದಲಿಸಲೂ ಅಂಜಿಕೆಯಾಗುತ್ತಿತ್ತು. ಗೋಡೆಗಳು ನನಗೆ ಭಾರವಾಗಿರಲಿಲ್ಲ. ಕೆಳಗಿದ್ದ ಹತ್ತಿ ಭಾರವಾಗಿತ್ತು.

ಸಂಕ್ರಮಣ ಕಳೆಯಿತು. ಮಾಲೀಕರು ಮತ್ತೂ ಕೆಲವು ದಿನ ತಡೆದರು. ಆಮೇಲೆ ಒಂದು ಬೆಳಿಗ್ಗೆ ಹೇಳಿ ಕಳಿಸಿದರು. ಗಂಗಾವತಿಯ ಒಬ್ಬ ಮೊಬೈಲ್ ಅಂಗಡಿಯವನು ಕೈಯಲ್ಲಿ ಹಣ ಹಿಡಿದು ಬಂದಿದ್ದಾನೆ, ನಾಳೆ ದೀಪ ಹಚ್ಚುವ ಹೊತ್ತಿನ ತನಕ ಮಾತ್ರ ಕಾಯುತ್ತೇನೆ ಎಂದು.

ನಾನು ಕತ್ತರಿ ತಂದೆ. ಗಾದಿ ಮಗುಚಿ, ಅದರ ಮುಂದೆ ಸುಮ್ಮನೆ ಕೂತೆ. ಅತ್ತೆ ಬಂದು ನೋಡಿದರು. ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ಪಕ್ಕಕ್ಕಿಟ್ಟರು.

"ಕತ್ತರಿ ಬ್ಯಾಡ. ದಬ್ಬಣ ಕೊಡು. ಹೆತ್ತಾಕಿ ನಾನು, ನಾ ಬಿಚ್ಚತೀನಿ."

ಆ ಉದ್ದ ಸೂಜಿಯ ತುದಿಯಿಂದ ಅವರು ಒಂದೊಂದೇ ಗಂಟನ್ನು ಸಡಿಲಿಸಿ, ದಾರ ತುಂಡಾಗದಂತೆ ಎಳೆದು, ಎಳೆದದ್ದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೋದರು. ನಾನು ಬಟ್ಟೆಯ ಪೊಟ್ಟಣಗಳನ್ನು ಹೊರಗೆ ತೆಗೆದೆ. ನಾಣ್ಯಗಳು ಕಪ್ಪಿಟ್ಟಿದ್ದವು. ಅವುಗಳ ಮೇಲಿನ ದೇವರ ಮುಖ, ಹೂವು ಯಾವುದೂ ಸರಿಯಾಗಿ ಕಾಣುತ್ತಿರಲಿಲ್ಲ. ಕೆಲಸ ಮುಗಿಯುವಾಗ ಹೊತ್ತು ಮುಳುಗಿತ್ತು.

ಬೆಳಿಗ್ಗೆ ಮೈದುನ ನಾಣ್ಯದ ಚೀಲ ತೆಗೆದುಕೊಂಡು ಕೊಪ್ಪಳಕ್ಕೆ ಹೋದ. ಆ ರಾತ್ರಿಯಲ್ಲಿಯೇ ಬೆಳ್ಳಿಯ ರೇಟು ಬಿದ್ದಿತ್ತು. ಅದು ಅವನಿಗೆ ಅಂಗಡಿಯ ಮುಂದೆ ನಿಂತಾಗ ತಿಳಿಯಿತು. ಫೋನ್ ಮಾಡಿದ.

"ಭಾಬಿ, ಯಾರೂ ತಗೊಳ್ಳವಲ್ರು. ಇವತ್ತು ಖರೀದಿ ಇಲ್ಲ ಅಂತಾರ."

"ಕಡಿಮಿಗೆ ಕೊಡ್ತೀವಿ ಅನ್ನು."

"ಅಂದೆ. ಎಷ್ಟು ಕಡಿಮಿ ಅಂತ ಅವರಿಗೂ ಗೊತ್ತಿಲ್ಲ. ಈಗ ಹೇಳಿದ ರೇಟು ಚಾ ಕುಡಿಯೂದ್ರಾಗ ಇರಂಗಿಲ್ಲ, ನಾಕು ದಿನ ಬಿಟ್ಟು ಬಾ ಅಂತಾರ. ಇಲ್ಲಿ ನನ್ನಂಗ ಚೀಲ ಹಿಡಕೊಂಡು ಭಾಳ ಮಂದಿ ನಿಂತಾರ."

"ಗಂಗಾವತಿಗೆ ಹೋಗಿ ನೋಡು."

ಅವನು ಗಂಗಾವತಿಗೂ ಹೋದ. ಅಲ್ಲಿ ಒಬ್ಬರು ಮಾತ್ರ ನಾಣ್ಯಗಳನ್ನು ಮುಟ್ಟಿ ನೋಡಿ, ಕರಗಿಸಿ ನೋಡಬೇಕು, ಹಣ ಎರಡು ದಿನ ಬಿಟ್ಟು ಎಂದರಂತೆ. ಇವತ್ತೇ ಬೇಕು ಎಂದರೆ ಚೀಲವನ್ನು ಹಿಂದಕ್ಕೆ ಸರಿಸಿದರಂತೆ. ಇದ್ದತ್ ಮುರಿದು ನಾನೇ ಮಾಲೀಕರ ಮನೆಗೆ ಹೋಗಿ ಇನ್ನೆರಡು ದಿನ ಕೇಳಲೇ ಎಂದು ಬಾಗಿಲ ತನಕ ಬಂದೆ. ಅತ್ತೆ ತಡೆಯಲಿಲ್ಲ. ಮಾಲೀಕರಾಗಲೇ ಹತ್ತು ಹದಿನೈದು ದಿನ ಹೆಚ್ಚಿಗೆ ಕೊಟ್ಟಿದ್ದರು. ಇನ್ನು ಯಾವ ಮುಖದಿಂದ ಕೇಳಲಿ? ಹೊಸ್ತಿಲ ಒಳಗೇ ನಿಂತುಬಿಟ್ಟೆ.

ಮೈದುನ ಚೀಲದೊಂದಿಗೆ ತಿರುಗಿ ಬರುವಷ್ಟರಲ್ಲಿ ಮಾಲೀಕರು ಆ ಮೊಬೈಲ್ ಅಂಗಡಿಯವನ ಸಂಚಕಾರ ಹಿಡಿದಾಗಿತ್ತು.

"ಶಾಣ್ಯಾಕಿ ಅಂದಿದ್ದೆ. ಆಸಿ ಹೆಚ್ಚಾತು ನೋಡು ನಿನಗ," ಎಂದಳು ರೊಟ್ಟಿ ಮಾರುವವಳು. ಬೈದು ಹೇಳಿದ್ದಲ್ಲ, ಮರುಗಿಯೇ ಹೇಳಿದಳು. ಅವಳ ಎರಡೂ ನಾಣ್ಯಗಳು ಇನ್ನೂ ದೇವರ ಗೂಡಿನಲ್ಲಿಯೇ ಇದ್ದವು.

ಅಂಗಡಿ ಖಾಲಿ ಮಾಡಿ ಮಷಿನ್ ಅನ್ನು ಟಂಟಂನಲ್ಲಿ ಹೇರಿಕೊಂಡು ಮನೆಗೆ ತಂದರು. ಪಡಸಾಲೆಯಲ್ಲಿ ಅದನ್ನು ಇಟ್ಟ ಮೇಲೆ ನಡೆಯಲು ಒಂದಾಳಿನ ದಾರಿ ಉಳಿಯಿತು. ಇದ್ದತ್ ಮುಗಿದ ದಿನ ಅತ್ತೆ ನನಗೆ ಹೊಸ ಸೀರೆ ಕೊಟ್ಟು, "ಒಂದೀಟು ಹೊರಗ ಹೋಗಿ ಬಾ" ಎಂದರು. ಓಣಿಯ ತುದಿಯ ತನಕ ಹೋದೆ. ಅಲ್ಲಿಂದ ಮುಂದೆ ಹೋಗಬೇಕಾದ ಜಾಗ ಒಂದೇ ಇತ್ತು, ಅದು ಈಗ ನಮ್ಮದಲ್ಲ. ತಿರುಗಿ ಬಂದೆ. ಈಗ ಹತ್ತಿ ಮನೆಗೇ ಬರುತ್ತದೆ, ಮೈದುನ ತರುತ್ತಾನೆ. ಗಾದಿ ಮನೆಯಿಂದಲೇ ಹೋಗುತ್ತದೆ. ಓಣಿಯ ಒಳಗಿರುವ ಮನೆಗೆ ಗಿರಾಕಿಗಳು ಕಡಿಮೆ. ಹಗಲೆಲ್ಲ ಹತ್ತಿಯ ಧೂಳು ಹಾರುವುದರಿಂದ ಕಿಟಕಿಯನ್ನೂ ಮುಚ್ಚಬೇಕು, ಇಲ್ಲದಿದ್ದರೆ ಓಣಿಯವರು ಕೂಗಾಡುತ್ತಾರೆ. ಬೆಳ್ಳಿ ಮತ್ತೆ ಏರಿತಂತೆ, ಇಳಿಯಿತಂತೆ. ಮೈದುನ ಈಗ ರೇಟು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನಾಣ್ಯಗಳು ಅವೇ ಬಟ್ಟೆಗಳಲ್ಲಿ ಇವೆ. ಮಾರಿದರೆ ಏನು ಕೊಳ್ಳಬೇಕು ಎಂದು ನನಗೆ ತಿಳಿಯದು.

ಕಳೆದ ವಾರ ಹಳೆಯ ಮಾಲೀಕರು ನಮ್ಮ ಮನೆಗೆ ಬಂದಿದ್ದರು. ಮಗಳ ಊರಿಗೆ ಹೊರಟಿದ್ದಾರೆ, ಅಲ್ಲಿಗೆ ಒಂದು ಗಾದಿ ಬೇಕಂತೆ. ಈಗ ನಾನು ಎದುರು ಬಂದು ಮಾತಾಡಬಹುದು. ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದೆ. ಅವರು ಮಷಿನ್ ನೋಡಿದರು, ಗೋಡೆಗೆ ಒತ್ತಿ ಇಟ್ಟ ಹತ್ತಿಯ ಮೂಟೆಗಳನ್ನು ನೋಡಿದರು.

"ಅವ್ವಾ, ಒಂದು ಮಾತು ಕೇಳಲೇನು? ಸಿಟ್ಟು ಮಾಡಬ್ಯಾಡ. ಎರಡು ಲಕ್ಷ ಇದ್ದಾಗ ಮಾರಿದ್ರ ಅಂಗಡಿ ನಿಂದ ಆಗತಿತ್ತು. ನಾ ದಾರಿ ನೋಡಿದ್ನಿ. ಯಾಕ ಹಂಗ ಕುಂತಿ?"

ಒಳಗೆ ದಿಂಬು ತುಂಬುತ್ತಿದ್ದ ಅತ್ತೆಯ ಕೈ ನಿಂತಿತು. ಹೇಳಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಅವರು ಕೇಳುವ ಮನುಷ್ಯರು. ಆದರೆ ಕೇಳಿದರೆ, ಗಂಡನ ಹೊಲಿಗೆ ಬಿಚ್ಚಲಾರದೆ ಕೂತವಳ ಅಂಗಡಿಯನ್ನು ಬೇರೆಯವರಿಗೆ ಕೊಟ್ಟೆನಲ್ಲ ಎಂಬ ಭಾರವನ್ನು ಅವರೂ ಹೊತ್ತುಕೊಂಡು ಆ ಊರಿಗೆ ಹೋಗಬೇಕು.

"ಇನ್ನೂ ಏರತೈತಿ ಅಂತ ಆಸಿ ಮಾಡಿದ್ನಿರಿ," ಎಂದೆ.

"ಹಂ. ಎಲ್ಲಾರೂ ಅದನ್ನ ಮಾಡಿದ್ರು ಬಿಡವ್ವಾ," ಎಂದರು. ಅವರ ಮುಖ ಹಗುರವಾಯಿತು. ಮಂಚದ ಅಳತೆ ಹೇಳಿದರು. ಯಾವ ಬಟ್ಟೆ ಬೇಕು, ಹತ್ತಿ ಎಷ್ಟು ದಪ್ಪ ಬೇಕು ಎಂದು ನಾನು ಕೇಳಿದೆ. ಅವರು ಏಳುವ ಮೊದಲೇ ಒಂದು ಹಿಡಿ ಹತ್ತಿ ಹಾಕಿ ಮಷಿನ್ ಚಾಲೂ ಮಾಡಿದೆ. ಅದರ ಸದ್ದಿನಲ್ಲಿ ಇನ್ನೂ ಏನೋ ಹೇಳಿದರು. ಕೇಳಿಸಿದಂತೆ ತಲೆ ಆಡಿಸಿದೆ.