ಹಲ್ಲಪ್ಪನ ಅಗ್ಗದ ಗಿಟಾರುಗಳು

ಹಲ್ಲಪ್ಪ ಅನ್ನುವುದು ಅವನ ನಿಜವಾದ ಹೆಸರಲ್ಲ. ಕಟ್ಟುಹಲ್ಲಿನ ಸೆಟ್ಟು ಮಾಡುವ ಕೆಲಸದವನಾದ್ದರಿಂದ ಬೀದಿಯ ಜನ ಇಟ್ಟ ಹೆಸರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ಹಲ್ಲಿನ ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವನು ಮಹಡಿ ಮೇಲಿನ ಸಣ್ಣ ಲ್ಯಾಬಿನಲ್ಲಿ ಕೂತು ಅಚ್ಚು ಎರೆದು, ಮೇಣದಲ್ಲಿ ಹಲ್ಲು ಜೋಡಿಸಿ, ಅರ ಹಾಕಿ ಉಜ್ಜಿ, ಮುಖವನ್ನೇ ನೋಡದ ಯಾರದೋ ಬಾಯಿಗೆ ನಗು ಮಾಡಿ ಕಳಿಸುತ್ತಾನೆ. ಅವನದೇ ಎರಡು ದವಡೆಹಲ್ಲು ಬಿದ್ದು ವರ್ಷಗಳಾಗಿದ್ದವು. ಅದನ್ನು ಕಟ್ಟಿಕೊಳ್ಳಲು ಮಾತ್ರ ಮಹಾಶಯನಿಗೆ ಪುರುಸೊತ್ತಿಲ್ಲ. ಇದ್ದಬದ್ದ ಪುರುಸೊತ್ತೆಲ್ಲ ಗಿಟಾರುಗಳಿಗೆ ಹೋಗುತ್ತಿತ್ತು.

ಅದೂ ಎಂಥ ಗಿಟಾರು! ಅಂಗಡಿಯ ಮುಂದೆ ಗಾಜಿನೊಳಗೆ ದೀಪ ಹಾಕಿ ನಿಲ್ಲಿಸಿದ ಮಹಾರಾಣಿಯರ ಕಡೆ ಅವನು ಕತ್ತೂ ಹೊರಳಿಸುವವನಲ್ಲ. ಹಿಂದಿನ ಗೋಡೆಗೆ, ಕಕ್ಕಸಿನ ಬಾಗಿಲ ಪಕ್ಕ, ಸಾಲಾಗಿ ನೇತುಹಾಕಿದ ಅಗ್ಗದ ಮಾಲಿನ ಹತ್ತಿರ ನೇರ ಹೋಗುವನು. ಒಂದೊಂದರ ಬೆನ್ನನ್ನೂ ಬೆರಳ ಗೆಣ್ಣಿನಿಂದ ತಟ್ಟುವನು, ಕಿವಿ ಹಚ್ಚುವನು, ಒಂದು ಕಣ್ಣು ಮುಚ್ಚಿ ಅದರ ಕತ್ತು ಸೊಟ್ಟಗಿದೆಯೇ ಎಂದು ನೋಡುವನು. ಅಂಗಡಿಯವನು ಮೊದಲು ಇವನಿಗೆ ತಲೆ ಕೆಟ್ಟಿದೆಯೇ ಎಂದು ಅನುಮಾನಪಟ್ಟ. ಆಮೇಲೆ ಕೆಟ್ಟಿದೆ ಎಂದು ಖಾತ್ರಿ ಮಾಡಿಕೊಂಡು ಕೂರಲು ಒಂದು ಸ್ಟೂಲು ಕೊಟ್ಟ.

"ದುಬಾರಿ ಗಿಟಾರು ಚೆನ್ನಾಗಿ ನುಡಿದ್ರೆ ಅದರಲ್ಲೇನು ದೊಡ್ಡಸ್ತಿಕೆ?" ಎನ್ನುವುದು ಅವನ ವಾದ. "ಇದನ್ನ ನೋಡಿ. ಮರ ಒಳ್ಳೇದು, ಹೊಟ್ಟೆ ಒಳ್ಳೇದು. ಮಾಡಿದೋರಿಗೆ ಅವಸರ, ಅಷ್ಟೇ."

ಮಾತು ಸುಳ್ಳಲ್ಲ. ಅಗ್ಗದ ಗಿಟಾರಿನ ತಂತಿಗಳು ಬಹಳ ಸಲ ಬೇಕಾದ್ದಕ್ಕಿಂತ ಎತ್ತರದಲ್ಲಿರುತ್ತವೆ. ಒತ್ತಿ ಒತ್ತಿ ಬೆರಳಿಗೆ ಬೊಬ್ಬೆ ಬರುತ್ತದೆಯೇ ಹೊರತು ಸ್ವರ ಬರುವುದಿಲ್ಲ. ಕೊಂಡವರು ತಮಗೆ ಸಂಗೀತದ ಯೋಗವಿಲ್ಲವೆಂದು ಅದನ್ನು ಅಟ್ಟಕ್ಕೆ ಹಾಕುತ್ತಾರೆ. ಹಲ್ಲಪ್ಪ ತಂತಿ ಸಡಿಲಿಸಿ, ಅವು ಕೂರುವ ಬಿಳಿಯ ಪಟ್ಟಿಯನ್ನು ಹೊರಗೆಳೆದು, ಅದರ ಅಡಿಯನ್ನು ಪಾಲಿಶ್ ಕಾಗದದ ಮೇಲೆ ನಾಲ್ಕು ಸಲ ಉಜ್ಜಿ ಮತ್ತೆ ಕೂರಿಸುವನು. ಎತ್ತರವಾದ ಹಲ್ಲನ್ನು ಕೂದಲೆಳೆಯಷ್ಟು ಉಜ್ಜಿದರೆ ಇಡೀ ಬಾಯಿಗೆ ನೆಮ್ಮದಿ ಬರುತ್ತದಲ್ಲ, ಅವನ ಮಟ್ಟಿಗೆ ಇದೂ ಅದೇ ಕೆಲಸ. ಕಟ್ಟಿಗೆಯಂತೆ ಬಿದ್ದಿದ್ದ ಸಾಮಾನು ಬಾಯಿ ಬಿಟ್ಟು ಹಾಡತೊಡಗಿದಾಗ ಅವನ ಮುಖ ನೋಡಬೇಕಿತ್ತು.

ತಮಾಷೆಯೆಂದರೆ ಅವನಿಗೆ ನುಡಿಸಲು ಬರುತ್ತಿರಲಿಲ್ಲ. ನುಡಿಸುವವಳು ಹೆಂಡತಿ. ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳಿಗೆ ಸ್ನಾನ ಮಾಡಿಸುವ ಆಯಾ ಅವಳು. ಸಂಜೆ ಕೆಲಸದಿಂದ ಬಂದು, ಕಾಲು ಚಾಚಿ ಕೂತು, ಅವನು ತಿದ್ದಿಟ್ಟ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು ನಾಲ್ಕು ಹಾಡು ಹಾಡುವಳು. ಚೆನ್ನಾಗಿದ್ದರೆ "ಹೂಂ" ಎನ್ನುವಳು. ಇಲ್ಲದಿದ್ದರೆ ಮುಲಾಜಿಲ್ಲದೆ, "ಕಟಕಟ ಅಂತಿದೆ ಕಣ್ರೀ, ನಿಮ್ಮ ಹಲ್ಲಿನ ಸೆಟ್ಟಿನ ಥರ," ಎಂದು ವಾಪಸು ಕೊಡುವಳು. ಅವಳು "ಹೂಂ" ಎನ್ನುವ ತನಕ ಯಾವ ಗಿಟಾರೂ ಆ ಮನೆಯ ಹೊಸಿಲು ದಾಟಿ ನಂಟರಿಷ್ಟರ ಕೈಗೆ ಹೋಗುತ್ತಿರಲಿಲ್ಲ. ಇಬ್ಬರೂ ಹೀಗೆ ಸುಖವಾಗಿದ್ದರು.

ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಅವಳ ಎಡಗೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವಳು ಅಲ್ಲೇ ಕುಸಿದಳು. ಲಕ್ವ ಎಂದರು ಡಾಕ್ಟರು. ಮಾತು ಉಳಿಯಿತು, ಕೆಲವು ತಿಂಗಳಲ್ಲಿ ಕಾಲೂ ಹೇಗೋ ದಾರಿಗೆ ಬಂತು. ಎಡಗೈ ಮಾತ್ರ ಮಡಿಲಲ್ಲಿ ಬೇರೆ ಯಾರದೋ ಕೈಯಂತೆ ಬಿದ್ದುಕೊಂಡಿತು. ವಾರಕ್ಕೆರಡು ಸಲ ವ್ಯಾಯಾಮದ ಹುಡುಗಿಯ ಹತ್ತಿರ ಹೋಗಿ ರಬ್ಬರ್ ಚೆಂಡು ಹಿಸುಕಬೇಕಿತ್ತು. ಹಿಸುಕಿ ಬಂದ ದಿನ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಆ ಬೆನ್ನನ್ನು ನೋಡಿ ನೋಡಿ ಹಲ್ಲಪ್ಪನಿಗೆ ಊಟ ಸೇರದಾಯಿತು.

ಅಂಥದರಲ್ಲಿ ಅವನು ಅಂಗಡಿಯ ಹಿಂಗೋಡೆಯಿಂದ ಒಂದು ಗಿಟಾರು ತಂದ. ಜೇನಿನ ಬಣ್ಣದ, ಸಣ್ಣ ಮೈಯ ಗಿಟಾರು. ಎಲ್ಲ ಗಿಟಾರಿಗೂ ಮಾಡುವಷ್ಟು ತಿದ್ದುಪಡಿ ಮಾಡಿ ಅವಳ ಮುಂದಿಟ್ಟ. ಅವಳು ಮೂತಿ ತಿರುವಿದಳು. ಎರಡು ದಿನ ಅದು ಕುರ್ಚಿಯ ಮೇಲೇ ಇತ್ತು. ಮೂರನೆಯ ದಿನ ಅಡುಗೆಮನೆಯಲ್ಲಿದ್ದ ಅವನಿಗೆ ಒಂದು ಸ್ವರ ಕೇಳಿಸಿತು. ಒಂದೇ ಸ್ವರ, ಆದರೆ ಸ್ವಚ್ಛವಾಗಿತ್ತು. ಓಡಿಬಂದು ನೋಡಿದರೆ, ಅವಳು ಬಲಗೈಯಿಂದ ಎಡಗೈಯ ಬೆರಳನ್ನು ಎತ್ತಿ ತಂತಿಯ ಮೇಲಿಟ್ಟುಕೊಂಡು, ಆಮೇಲೆ ಆ ಬೆರಳು ತಾನೇ ಒತ್ತಲೆಂದು ಬಿಟ್ಟು, ಬಲಗೈಯಿಂದ ಮೀಟಿದ್ದಳು. ನಗುತ್ತಿದ್ದಳು. ಹಲ್ಲಪ್ಪ ಕಣ್ಣೊರೆಸಿಕೊಳ್ಳಲು ಮತ್ತೆ ಅಡುಗೆಮನೆಗೆ ಹೋದ.

ಆದರೆ ಎರಡನೆಯ ಬೆರಳು ಜಪ್ಪಯ್ಯ ಎಂದರೂ ಸ್ವರ ಕೊಡಲಿಲ್ಲ. ಒಂದು ವಾರ ಒತ್ತಿ ಒತ್ತಿ ಅವಳಿಗೆ ಅಳು ಬಂತು. ಆ ಭಾನುವಾರ ಹಲ್ಲಪ್ಪ, ಶ್ರುತಿ ಮಾಡಿಡುತ್ತೇನೆಂದು ಗಿಟಾರನ್ನು ಒಳಗೆ ಒಯ್ದವನು, ಬಿಳಿ ಪಟ್ಟಿಯ ಅಡಿಯನ್ನು ಇನ್ನಷ್ಟು ಉಜ್ಜಿದ. ಮುಚ್ಚಿಡುವ ಉದ್ದೇಶವೇನೂ ಇರಲಿಲ್ಲ, ಯಾರಿಗಾದರೂ ಮಾಡಿಕೊಡುವ ಕೆಲಸವೇ. ಹೇಳಿದರಾಯಿತು ಎಂದುಕೊಂಡು ತಂದು ಕೊಟ್ಟ. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಒತ್ತಿದ್ದಳು.

"ರೀ! ಬಂತು ಕಣ್ರೀ! ಬೆರಳು ಬಂತು!"

ಹಲ್ಲಪ್ಪ ತೆರೆದ ಬಾಯಿ ಮುಚ್ಚಿದ. ಆ ಮುಖ ನೋಡಿ ಯಾವ ಗಂಡಸಿಗೆ ತಾನೇ ಹೇಳಲು ನಾಲಿಗೆ ಹೊರಳೀತು? ಆದರೂ ಹೇಳಬೇಕಿತ್ತು. ಆ ಕ್ಷಣ ದಾಟಿದ ಮೇಲೆ ಹೇಳುವುದು ವಾರದಿಂದ ವಾರಕ್ಕೆ ಕಷ್ಟವಾಗುತ್ತ ಹೋಯಿತು.

ಪ್ರತಿ ಭಾನುವಾರ ಶ್ರುತಿಯ ನೆಪ. ಪ್ರತಿ ಸೋಮವಾರ ಅವಳ ಕೈಗೆ ಹೊಸ ಬಲ. ಪಟ್ಟಿಯನ್ನು ಅಡಿಯಿಂದ ಉಜ್ಜಿದ್ದರಿಂದ ಮೇಲೆ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ತಂತಿಗಳನ್ನೇ ತೆಗೆದು ತೆಳ್ಳನೆಯವನ್ನು ಹಾಕಿದ. ಹಳೆಯವು ತುಕ್ಕು ಹಿಡಿದಿದ್ದವು ಎಂದ. ತಂತಿ ಇನ್ನು ಇಳಿಸಿದರೆ ಕಟಕಟ ಎನ್ನುತ್ತದೆ ಎಂದಾದಾಗ ಶ್ರುತಿಯನ್ನೇ ಒಂದು ಸ್ವರದಷ್ಟು ತಗ್ಗಿಸಿ ತಂತಿಗಳನ್ನು ಮೆತ್ತಗೆ ಮಾಡಿದ. ಅವಳು ತಗ್ಗಿನಲ್ಲೇ ಹಾಡಿದಳು, ಗಂಟಲೂ ಹಗುರಾಗಿದೆ ಎಂದಳು. ಹಾಡು ಮುಗಿದ ಮೇಲೆ ಪಕ್ಕದ ಮನೆಯವಳು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದಳು. ಹಲ್ಲಪ್ಪನೂ ತಟ್ಟಿದ. ತಟ್ಟುವಾಗ ಅವಳ ಮುಖ ನೋಡಲಿಲ್ಲ.

ವ್ಯಾಯಾಮದ ಹುಡುಗಿಯ ಹತ್ತಿರ ಹಿಡಿತ ಅಳೆಯುವ ಒಂದು ಯಂತ್ರವಿತ್ತು. ಅದರ ಮುಳ್ಳು ಮೊದಲ ತಿಂಗಳು ಎಲ್ಲಿತ್ತೋ ಅಲ್ಲೇ ನಿಂತಿತ್ತು.

"ನಿಮ್ಮ ಯಂತ್ರ ಕೆಟ್ಟಿದೆ ಕಣಮ್ಮ," ಎಂದಳು ಹೆಂಡತಿ. "ನಮ್ಮನೆಗೆ ಬಾ, ನಾನು ನುಡಿಸೋದು ಕೇಳು."

ಹುಡುಗಿ ಹಲ್ಲಪ್ಪನ ಮುಖ ನೋಡಿದಳು. ಹಲ್ಲಪ್ಪ ಕಿಟಕಿ ನೋಡಿದ. ಆ ವಾರದಿಂದ ಹೆಂಡತಿ ಅಲ್ಲಿಗೆ ಹೋಗುವುದನ್ನೇ ಬಿಟ್ಟಳು. ಚೆಂಡು ಯಾಕೆ, ಗಿಟಾರೇ ಸಾಕು ಎಂದಳು. ಹಲ್ಲಪ್ಪ ಒಂದೆರಡು ಸಲ ಮೆತ್ತಗೆ ಹೇಳಿ ನೋಡಿದ. "ನಿಮಗೆ ನನ್ನ ಕೈ ಮೇಲೆ ನಂಬಿಕೆ ಇಲ್ವಾ?" ಎಂದು ಅವಳು ಕೇಳಿದ ಮೇಲೆ ಆ ಮಾತು ಎತ್ತಲಿಲ್ಲ.

ಒಂದು ಗುರುವಾರ ಅವನು ಕೆಲಸದಿಂದ ಬಂದಾಗ ಅವಳು ಆಸ್ಪತ್ರೆಯ ಬಿಳಿ ಸೀರೆಗೆ ಬಲಗೈಯೊಂದರಿಂದಲೇ ಇಸ್ತ್ರಿ ಹಾಕುತ್ತಿದ್ದಳು.

"ವಾರ್ಡಿನ ದೊಡ್ಡ ನರ್ಸಿಗೆ ಫೋನ್ ಮಾಡಿದ್ದೆ. ಕೈ ಬಂತು ಅಂದೆ. ಅಯ್ಯೋ ಅಕ್ಕ, ನಿಮ್ಮ ಮಾತು ಸಾಕು, ಬನ್ನಿ, ಸೋಮವಾರದಿಂದ ಬನ್ನಿ, ಇಲ್ಲಿ ಮಕ್ಕಳಿಗೆ ನೀರು ಹಾಕೋರೇ ಇಲ್ಲ ಅಂದ್ರು."

ಅವಳು ಕೂಸುಗಳಿಗೆ ನೀರು ಹಾಕುವುದನ್ನು ಅವನು ನೋಡಿದ್ದ. ಎಡ ಅಂಗೈಯಲ್ಲಿ ತಲೆ, ಎಡ ಮುಂಗೈ ಮೇಲೆ ಬೆನ್ನು, ಬಲಗೈಯಲ್ಲಿ ಚೊಂಬು. ಸೋಪು ಹಚ್ಚಿದ, ಒದ್ದೆ, ಜಾರುವ ಕೂಸು. ಕೆಳಗೆ ಗಾರೆಯ ನೆಲ.

"ಇನ್ನೂ ಸ್ವಲ್ಪ ದಿನ ನೋಡಿದ್ರೆ..." ಎಂದ.

"ಏನು ನೋಡೋದು? ಆರು ತಂತಿ ಒತ್ತೋ ಕೈಗೆ ಒಂದು ಕೂಸು ಭಾರವಾ?" ಎಂದು ಅವಳು ನಕ್ಕಳು.

ಶುಕ್ರವಾರ ಅವನು ಲ್ಯಾಬಿನಲ್ಲಿ ಒಂದು ಸೆಟ್ಟಿಗೆ ಮೇಲಿನ ಹಲ್ಲನ್ನು ಕೆಳಗೆ ಜೋಡಿಸಿ ಮಾಲೀಕನಿಂದ ಬೈಸಿಕೊಂಡ. ತಂತಿಯನ್ನು ದಿನಕ್ಕಿಷ್ಟು ಏರಿಸಿಬಿಡಲೇ ಎಂದೂ ಯೋಚಿಸಿದ; ಸೋಮವಾರದೊಳಗೆ ಅವಳೇ ಕೈಲಾಗದೆಂದು ಬಿಟ್ಟಾಳು, ತಾನು ಹೇಳುವ ಪ್ರಮೇಯ ಬರಲಾರದು. ಯೋಚನೆ ಬಂದದ್ದೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಮಾಡಿದ್ದು ಸಾಲದೆಂದು, ಅವಳಿಗೆ ಮತ್ತೊಮ್ಮೆ ಲಕ್ವ ಹೊಡೆಸಲು ಹೊರಟಿದ್ದೆನಲ್ಲ ಎಂದು ನಾಚಿಕೊಂಡ.

ಶನಿವಾರ ಮಧ್ಯಾಹ್ನ ಅಂಗಡಿಗೆ ಹೋದ. ಮನೆಯಲ್ಲಿದ್ದಂಥದೇ ಜೇನಿನ ಬಣ್ಣದ ಇನ್ನೊಂದು ಗೋಡೆಯಲ್ಲಿತ್ತು. ತಟ್ಟಿ ನೋಡಲಿಲ್ಲ, ಕಿವಿ ಹಚ್ಚಲಿಲ್ಲ.

"ಏನ್ ಹಲ್ಲಪ್ಪ, ಅದರ ಅವಳಿಜವಳಿನಾ? ಮನೇಲಿ ನಿಮಗೆ ಮಲಗೋಕೆ ಜಾಗ ಉಳಿದಿದೆಯೋ ಇಲ್ವೋ?" ಎಂದ ಅಂಗಡಿಯವನು.

ಹಲ್ಲಪ್ಪ ನಗಲಿಲ್ಲ. ಕೈ ಹಾಕದ ಗಿಟಾರನ್ನು ಹಾಗೆಯೇ ಮನೆಗೆ ಒಯ್ದದ್ದು ಅವನ ಜನ್ಮದಲ್ಲೇ ಮೊದಲ ಸಲ.

"ಇದನ್ನ ನುಡಿಸು," ಎಂದು ಹೆಂಡತಿಯ ಮಡಿಲಲ್ಲಿಟ್ಟ.

ಅವಳು ಖುಷಿಯಿಂದಲೇ ತಗೊಂಡಳು. ಬೆರಳಿಟ್ಟು ಮೀಟಿದಳು. ದಬ್ ಎಂದಿತು. ಇನ್ನೊಮ್ಮೆ ಮೀಟಿದಳು. ತುಟಿ ಕಚ್ಚಿ, ಭುಜವನ್ನೆಲ್ಲ ಬಗ್ಗಿಸಿ ಒತ್ತಿದಳು. ತಂತಿ ಅಲುಗಿತೇ ಹೊರತು ಸ್ವರ ಬರಲಿಲ್ಲ.

"ಇದೇನ್ರೀ, ಇದನ್ನ ಇನ್ನೂ ಸರಿ ಮಾಡಿಲ್ವಾ?"

"ಅಂಗಡೀಲಿ ಹೇಗಿತ್ತೋ ಹಾಗಿದೆ. ಎತ್ತರ ಇದೆ ನಿಜ. ಆದ್ರೆ ಮೊದಲು ನೀನು ಇಂಥವನ್ನೂ ನುಡಿಸ್ತಿದ್ದೆ. ಬೈಕೊಂಡು ನುಡಿಸ್ತಿದ್ದೆ."

"ಮತ್ತೆ ಅದು?" ಎಂದು ಕುರ್ಚಿಯ ಮೇಲಿದ್ದ ತನ್ನ ಗಿಟಾರನ್ನು ನೋಡಿದಳು.

ಹಲ್ಲಪ್ಪ ನಿಂತೇ ಹೇಳಿದ. ಭಾನುವಾರಗಳ ವಿಷಯ, ಪಟ್ಟಿಯ ವಿಷಯ, ತಂತಿಯ ವಿಷಯ, ಶ್ರುತಿಯ ವಿಷಯ. ಅವಳು ಮಡಿಲಲ್ಲಿ ಬಿದ್ದಿದ್ದ ಎಡಗೈಯನ್ನೇ ನೋಡುತ್ತಿದ್ದಳು.

"ಸೋಮವಾರ ನಾನು ಹೋಗಿದ್ರೆ?" ಎಂದಳು ಕೊನೆಗೆ. "ಯಾರದೋ ಹೆತ್ತ ಕೂಸು ರೀ. ನನ್ನ ಕೈ ಅಂತ ನಂಬಿ ಕೊಡ್ತಾರೆ."

"ಅದಕ್ಕೇ ಹೇಳ್ದೆ."

"ಸೋಮವಾರ ಇಲ್ದಿದ್ರೆ ಹೇಳ್ತಿರಲಿಲ್ಲ."

ಅವಳು ಎದ್ದು ವಾರ್ಡಿಗೆ ಫೋನ್ ಮಾಡಿದಳು. "ನಾನು ಬರಲ್ಲಮ್ಮ. ಕೈ ಬಂದಿಲ್ಲ. ಬಂತು ಅಂದ್ಕೊಂಡಿದ್ದೆ," ಎಂದಳು. ದನಿಯಲ್ಲಿ ಅಳುವಿರಲಿಲ್ಲ. ವ್ಯಾಯಾಮದ ಹುಡುಗಿಗೂ ಫೋನ್ ಮಾಡಿ, ನಾಳಿದ್ದು ಬರುತ್ತೇನೆ, ಯಂತ್ರ ಕೆಟ್ಟಿದೆ ಎಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದಳು. ಆಮೇಲೆ ಬಂದು ಹೊಸ ಗಿಟಾರಿನ ಪಕ್ಕ ಕೂತಳು. ಹಲ್ಲಪ್ಪ ಬಾಗಿಲ ಬಳಿಯೇ ನಿಂತಿದ್ದ.

"ಒಂದು ಕೇಳ್ತೀನಿ, ನಿಜ ಹೇಳಿ. ಮೊದಲನೇ ದಿನ ಒಂದು ಸ್ವರ ಬಂತಲ್ಲ. ನೀವು ಅಡುಗೆಮನೇಲಿದ್ರಿ. ಅದಾದ್ರೂ ನಂದಾ? ಇಲ್ಲ, ಅದೂ ನಿಮ್ದೇನಾ?"

"ನಿಂದೇ ಕಣೇ," ಎಂದ ಹಲ್ಲಪ್ಪ. "ಆವತ್ತು ಎಲ್ಲರ ಗಿಟಾರಿಗೂ ಮಾಡೋಷ್ಟೇ ಮಾಡಿದ್ದೆ. ಅದಕ್ಕಿಂತ ಒಂದು ಎಳೆ ಹೆಚ್ಚು ಉಜ್ಜಿರಲಿಲ್ಲ. ಆ ಸ್ವರ ನಿನ್ನ ಬೆರಳಿಂದು. ದೇವ್ರಾಣೆ."

ಅವನು ಹೇಳಿದ್ದು ನಿಜ. ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನ ಬೇಜವಾಬ್ದಾರಿಗೆ ಬೈದಿದ್ದಳು, ಹುಚ್ಚಿಗೆ ನಕ್ಕಿದ್ದಳು; ಮಾತನ್ನು ಹೀಗೆ ತೂಗಿ ನೋಡಿದ್ದು ಇಲ್ಲವೇ ಇಲ್ಲ.

"ಇರಬಹುದು," ಎಂದಳು.

ಹಲ್ಲಪ್ಪ ಮತ್ತೊಮ್ಮೆ ಆಣೆ ಮಾಡಲು ಹೋದ. ಅವಳು ಬಲಗೈ ಅಡ್ಡ ಹಿಡಿದು ಬೇಡ ಎಂದಳು.