ಅಕ್ಕನನ್ನು ಮತ್ತೆ ಕರೆಯಲು ಬಂದವರು

ಅಕ್ಕನನ್ನು ಗಂಡನ ಮನೆಯವರು ಮೊದಲ ಸಲ ತಂದು ಬಿಟ್ಟಾಗ ನಾವು ಶಲವಡಿಯ ನಮ್ಮ ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದೆವು. ಅವಳನ್ನು ಕೊಟ್ಟಿದ್ದು ಕಲಘಟಗಿ ಕಡೆಯ ಒಂದು ಹಳ್ಳಿಗೆ. ಸುದ್ದಿ ತಿಳಿದು ಮನೆಗೆ ಓಡಿ ಬಂದರೆ ಅವಳು ಕಟ್ಟೆಯ ಮೇಲೆ ಕೂತು ಗೋಡೆಯ ಜೊತೆ ಮಾತಾಡುತ್ತಿದ್ದಳು. ಭಾವ ಮೋಟಾರ್‌ಸೈಕಲ್ಲಿನಿಂದ ಇಳಿಯಲೂ ಇಲ್ಲ. ಇವಳ ತಲೆ ಕೆಟ್ಟಿದೆ, ನಮ್ಮ ಕೈಲಿ ನೀಗುವುದಿಲ್ಲ ಎಂದಷ್ಟೇ ಹೇಳಿ ಹೊರಟುಹೋದ. ಅವರಿಗೆ ಒಬ್ಬಳೇ ಮಗಳು, ಆಗ ಐದನೇ ತರಗತಿ. ಆಕೆ ಅಲ್ಲೇ ಉಳಿದಳು.

ಅಕ್ಕ ಹಾಗಿದ್ದವಳಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು. ರೊಟ್ಟಿ ಬಡಿಯುತ್ತ ಓಣಿಯವರ ಮಾತು, ನಡಿಗೆ ಎಲ್ಲ ಅಣಕಿಸಿ ಅವ್ವನನ್ನು ನಗಿಸುತ್ತಿದ್ದಳು. ಅಂಥವಳು ಈಗ ನೀರಿಗೆ ಯಾರೋ ವಿಷ ಹಾಕಿದ್ದಾರೆಂದು ತುಂಬಿದ ಕೊಡ ಚೆಲ್ಲುತ್ತಿದ್ದಳು. ಮೈ ತೊಳೆಯಲು ಕರೆದರೆ ಹೊಡೆಯಲು ಬರುತ್ತಿದ್ದಳು. ಅವ್ವ ಅವಳನ್ನು ಕರೆದುಕೊಂಡು ಮಠ, ದರ್ಗಾ ಎಲ್ಲ ತಿರುಗಿದಳು. ತೋಳಿನ ಮೇಲೆ ತಾಯಿತಗಳು ಹೆಚ್ಚಾದವು, ಅಷ್ಟೇ.

ನನ್ನ ಕೂಸಿಗೆ ಚುಚ್ಚುಮದ್ದಿನ ದಿನ ತಿಳಿಸಲು ಬಂದ ಊರಿನ ಆಶಾ ಕಾರ್ಯಕರ್ತೆ ಅವಳನ್ನು ನೋಡಿದರು. ನಾವೆಲ್ಲ ಅವರನ್ನು ಬಾಯಾರು ಎನ್ನುತ್ತೇವೆ. ನವಲಗುಂದದ ದವಾಖಾನೆಗೆ ತಿಂಗಳಿಗೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆ, ತೋರಿಸಿ ಎಂದರು. ಓಣಿಯಲ್ಲಿ ಸುದ್ದಿಯಾಗುತ್ತದೆ ಎಂದು ಅವ್ವ ಹಿಂಜರಿದಳು. ಸುದ್ದಿ ಆಗಲೇ ಆಗಿಹೋಗಿದೆ ಎಂದು ಬಾಯಾರು ನೆಟ್ಟಗೆ ಹೇಳಿದರು. ಅಕ್ಕ ನನ್ನ ಜೊತೆ ಬಸ್ ಹತ್ತಲು ಒಪ್ಪಲಿಲ್ಲ. ಬಾಯಾರೇ ಕೈಹಿಡಿದು ಕರೆದೊಯ್ದರು. ನಾನು ಹಿಂದಿನ ಸೀಟಿನಲ್ಲಿ ಅವಳಿಗೆ ಮುಖ ಕಾಣಿಸದಂತೆ ಕೂತು ಹೋದೆ.

ಡಾಕ್ಟರು ಇದು ಜಡ್ಡು, ಗುಳಿಗೆಗೆ ಬಗ್ಗುತ್ತದೆ, ಆದರೆ ಗುಳಿಗೆ ಬಿಡಬಾರದು ಎಂದರು. ಅಲ್ಲಿಂದ ಮುಂದೆ ಬಾಯಾರು ನಮ್ಮ ಓಣಿಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅಕ್ಕ ಗುಳಿಗೆ ನುಂಗುವುದನ್ನು ನೋಡಿಯೇ ಏಳುತ್ತಿದ್ದರು. ಮೊದಲು ಅವಳಿಗೆ ನಿದ್ದೆ ಬಂತು. ಆಮೇಲೆ ಹಸಿವೆ ಬಂತು. ಒಂದು ದಿನ ತಾನಾಗಿ ತಲೆಗೆ ಎಣ್ಣೆ ಕೇಳಿದಳು. ಅವ್ವ ಎಣ್ಣೆ ಹಚ್ಚುತ್ತ ಸುಮ್ಮನೆ ಅಳುತ್ತಿದ್ದಳು. ಚಳಿಗಾಲದ ಹೊತ್ತಿಗೆ ಅಕ್ಕ ನನ್ನ ಹೆಂಡತಿಯ ಜೊತೆ ಕಡಲೆ ಹೊಲಕ್ಕೆ ಬರುತ್ತಿದ್ದಳು. ಮಧ್ಯಾಹ್ನ ಓಣಿಯ ಹೆಂಗಸರ ನಡುವೆ ಕೂತು ಕೌದಿ ಹೊಲಿಯುತ್ತಿದ್ದಳು. ಬಾಯಾರ ನಡಿಗೆಯನ್ನು ಅವರೆದುರೇ ಅಣಕಿಸಿ ನಗಿಸಿದ ದಿನ, ನಮ್ಮ ಅಕ್ಕ ತಿರುಗಿ ಬಂದಳು ಎಂದುಕೊಂಡೆ.

ಜೊತೆಗೆ ಮಗಳ ನೆನಪೂ ತಿರುಗಿ ಬಂತು. ದಿನಾ ಅವಳ ಮಾತೇ. ಫೋನು ಮಾಡಿದರೆ ಆ ಕಡೆ ಯಾರೂ ಎತ್ತುತ್ತಿರಲಿಲ್ಲ.

ಎತ್ತದವರು ಒಂದು ದಿನ ಮನೆಗೇ ಬಂದರು. ಭಾವ, ಅವರ ಊರಿನ ಒಬ್ಬ ಹಿರಿಯ, ಕೈಯಲ್ಲಿ ಸೀರೆ, ಕುಬಸದ ಬಟ್ಟೆ, ಕೊಬ್ಬರಿ ಬಟ್ಟಲು. ಅವ್ವ ಹಿಗ್ಗಿ ಹೋದಳು. ಸಿಹಿ ಊಟಕ್ಕೆ ಮಾದಲಿ ಮಾಡಿಸಿದಳು. ಉಂಡ ಮೇಲೆ ಹಿರಿಯ ಬಾಯಿಬಿಟ್ಟ. ಭಾವನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡಿದ್ದಳು. ಹಾಸಿಗೆ ಬಿಟ್ಟು ಏಳುವಂತಿಲ್ಲ. ಎತ್ತಲು, ತೊಳೆಯಲು, ಬಳಿಯಲು ಮನೆಯಲ್ಲಿ ಹೆಂಗಸರಿಲ್ಲ. ಕೂಲಿಗೆ ಕರೆದರೆ ಆ ಕೆಲಸಕ್ಕೆ ಯಾರೂ ನಿಲ್ಲುತ್ತಿಲ್ಲ. ಸೊಸೆ ಈಗ ಆರಾಮಾಗಿದ್ದಾಳೆಂದು ಕೇಳಿದೆವು ಎಂದ.

ನನಗೆ ಮೈ ಉರಿಯಿತು. ಕಳಿಸುವುದಿಲ್ಲ ಎಂದೆ. ಅಷ್ಟರಲ್ಲಿ ಅಕ್ಕ ತನ್ನ ಬಟ್ಟೆ ಚೀಲಕ್ಕೆ ತುಂಬಿಕೊಂಡು ಅಡಿಗೆಮನೆಯಿಂದ ಹೊರಗೆ ಬಂದಿದ್ದಳು.

"ತಮ್ಮಾ, ನನ್ನ ಮಗಳು ಅಲ್ಲಿ ಅದಾಳ. ನಾ ಹೊಕ್ಕೀನಿ" ಎಂದಳು.

ಬಾಯಾರು ಸುದ್ದಿ ತಿಳಿದು ಬಂದರು. ಭಾವನಿಗೆ ಗುಳಿಗೆಗಳನ್ನು ತೋರಿಸಿ, ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದು ವಿವರಿಸಿದರು. ಒಂದು ದಿನವೂ ತಪ್ಪಿಸಬಾರದು ಎಂದರು. ಅವನು ಎಲ್ಲದಕ್ಕೂ "ಆತ್ರಿ" ಎಂದ.

ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆತರಲು ಹೋದೆ. ಅಕ್ಕ ಹಿತ್ತಲಲ್ಲಿ ಅತ್ತೆಯ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಕಣ್ಣುಗಳು ಗುಳಿ ಬಿದ್ದಿದ್ದವು. ಮಗಳು ಅವಳ ಸೆರಗು ಬಿಡದೆ ನಿಂತಿದ್ದಳು. ಗುಳಿಗೆ ಎಲ್ಲಿ ಎಂದು ಕೇಳಿದೆ. ಅಕ್ಕ ಬಟ್ಟೆ ಹಿಂಡುತ್ತಲೇ ಇದ್ದಳು. ಒಳಗಿನಿಂದ ಅವಳ ಅತ್ತೆಯೇ ಉತ್ತರ ಕೊಟ್ಟಳು.

"ಅದನ್ನ ನುಂಗಿದ್ರ ಹೆಣಾ ಬಿದ್ದಂಗ ಬೀಳ್ತಾಳಪಾ. ರಾತ್ರಿ ನಾ ಒದರಿದ್ರ ಏಳಬೇಕಲ್ಲ. ಅದಕ್ಕ ಬಿಡಿಸೇವಿ."

ಆ ಮುದುಕಿ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಅವಳಿಗೂ ನೋವಿತ್ತು, ತನ್ನ ಮೈ ತಾನು ತೊಳೆಯಲಾರದ ನಾಚಿಕೆಯೂ ಇತ್ತು. ಆದರೆ ಅವಳನ್ನು ಒಬ್ಬಳು ಜಡ್ಡಿನ ಹೆಂಗಸೇ ಎತ್ತಿ ಇಳಿಸಬೇಕಿತ್ತು, ಮಗ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದ. ಭಾವ ಅಕ್ಕನನ್ನು ಪಂಚಮಿಗೂ ಕಳಿಸಲಿಲ್ಲ. ಇವಳು ಹೋದರೆ ನಮ್ಮ ಅವ್ವನನ್ನು ಯಾರು ನೋಡಬೇಕು ಎಂದ.

ಊರಿಗೆ ಬಂದು ಬಾಯಾರಿಗೆ ಹೇಳಿದೆ. ಅವರು ಆ ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿದರು. ಆಕೆ ಹೋಗಿ ಕೇಳಿದರೆ, ನಮ್ಮ ಮನೆಯಲ್ಲಿ ಹುಚ್ಚರು ಯಾರೂ ಇಲ್ಲ ಎಂದು ಭಾವ ಬಾಗಿಲಿನಿಂದಲೇ ಕಳಿಸಿದನಂತೆ. ಮತ್ತೊಮ್ಮೆ ಹೋದಾಗ ಬಾಗಿಲೇ ತೆಗೆಯಲಿಲ್ಲ. "ಒಳಗ ಹೋಗಾಕ ನಮಗ ಅಧಿಕಾರ ಇಲ್ರಿ" ಎಂದು ಬಾಯಾರು ಹೇಳುವಾಗ ನನ್ನ ಮುಖ ನೋಡಲಿಲ್ಲ. ದವಾಖಾನೆಯವರು ಪೊಲೀಸರಿಗೆ ಹೇಳಿ ಎಂದರು. ಪೊಲೀಸರು ಇದು ಗಂಡಹೆಂಡಿರ ಮಾತು, ಕೂತು ಬಗೆಹರಿಸಿಕೊಳ್ಳಿ ಎಂದರು.

ಸುಗ್ಗಿಯ ಹೊತ್ತಿಗೆ ಮುದುಕಿ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಹೆಚ್ಚು ದಿನ ಹೋಗಲಿಲ್ಲ, ಭಾವನ ಫೋನು ಬಂತು. ಅಕ್ಕನನ್ನು ಅಣ್ಣಿಗೇರಿ ಬಸ್ಸಿಗೆ ಹತ್ತಿಸಿದ್ದೇನೆ, ಇಳಿಸಿಕೊಳ್ಳಿ ಎಂದ. ಅಣ್ಣಿಗೇರಿಯ ಬಸ್‌ಸ್ಟ್ಯಾಂಡಿಗೆ ಹೋದರೆ ಅವಳು ಕಲ್ಲಿನ ಬೆಂಚಿನ ಮೇಲೆ ಕೂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನನ್ನು ಗುರುತಿಸಲಿಲ್ಲ.

ಈ ಸಲ ನವಲಗುಂದಕ್ಕೆ ಬರುತ್ತಿದ್ದ ಡಾಕ್ಟರು ವರ್ಗವಾಗಿದ್ದರು. ಬೇರೆಯವರು ಬಂದಿರಲಿಲ್ಲ. ಧಾರವಾಡಕ್ಕೆ ಒಯ್ದೆವು. ಮೊದಲಿನದಕ್ಕಿಂತ ಹೆಚ್ಚಿನ ಗುಳಿಗೆ ಬರೆದುಕೊಟ್ಟರು. ಸ್ವಲ್ಪ ತಿಳಿವು ಬಂದ ಮೇಲೆ ಅಕ್ಕ ಅದನ್ನು ನುಂಗಲು ಒಲ್ಲೆ ಎಂದು ಹಟ ಹಿಡಿದಳು. ಬಾಯಾರು ಪಕ್ಕದಲ್ಲಿ ಕೂತು ಯಾಕೆ ಎಂದು ಮೆಲ್ಲಗೆ ಕೇಳಿದರು.

"ಆರಾಮಾದ್ರ ಮತ್ತ ಬಂದು ಒಯ್ತಾರ್ರಿ. ನಾ ಹಿಂಗ ಇರ್ತೀನಿ ಬಿಡ್ರಿ" ಎಂದಳು.

ಬಾಯಾರು ಗುಳಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನೇ ಅವಳ ಎದುರು ಕೂತೆ.

"ಯಾರೂ ಒಯ್ಯಂಗಿಲ್ಲ ಯಕ್ಕಾ. ನಾ ಇರೂತನಕ ಯಾರಿಗೂ ಕೊಡಂಗಿಲ್ಲ ನಿನ್ನ."

ನನ್ನ ಮುಖ ನೋಡಿ, ನೀರು ತೆಗೆದುಕೊಂಡು ಗುಳಿಗೆ ನುಂಗಿದಳು.

ಕಳೆದ ವರ್ಷ ಆ ಹಿರಿಯ ಮತ್ತೆ ಬಂದ. ಭಾವ ಇನ್ನೊಂದು ಲಗ್ನ ಮಾಡಿಕೊಳ್ಳುತ್ತಿದ್ದಾನೆ, ನೀವು ತಕರಾರು ಮಾಡಬಾರದು ಎಂದು ಕೇಳಲು. ಮನೆಗೆ ಒಬ್ಬ ಹೆಂಗಸು ಬೇಕಲ್ಲ ಎಂದ. ನಾನು ಅವನಿಗೆ ಕೂರಿ ಎನ್ನಲಿಲ್ಲ. ಅಕ್ಕನೇ ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಳು. ಗುಳಿಗೆಯಿಂದ ಈಗ ಅವಳ ಕೈ ನಡುಗುತ್ತದೆ. ನೀರು ನೆಲಕ್ಕೆ ಚೆಲ್ಲಿತು.

"ಆಕಿಗೂ ಆರಾಮ ತಪ್ಪಿದ್ರ ಯಾವ ಬಸ್ಸಿಗೆ ಹತ್ತಸ್ತೀರಿ?" ಎಂದು ಕೇಳಿದಳು.

ಹಿರಿಯ ನೀರು ಮುಟ್ಟದೆ ಎದ್ದು ಹೋದ. ಲಗ್ನವಂತೂ ಆಯಿತು. ವಕೀಲರನ್ನು ಕಾಣೋಣ ಎಂದು ನಾನು ಹೇಳಿದ್ದಕ್ಕೆ ಅಕ್ಕ, ಆ ಮನುಷ್ಯನ ಮುಖ ನೋಡುವ ಕೆಲಸ ಯಾವುದೂ ಬೇಡ ಎಂದಳು. ಆ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಮಗಳ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಿಸಿದೆವು. ನಿನ್ನ ಜೊತೆ ಮಾತಾಡಿದರೆ ಅಪ್ಪ ಹೊಡೆಯುತ್ತಾನೆ ಎಂದು ಹೇಳಿ ಹುಡುಗಿ ಫೋನು ಇಟ್ಟಳಂತೆ.

ಈಗ ತಿಂಗಳಿಗೊಮ್ಮೆ ನಾವಿಬ್ಬರೂ ಗುಳಿಗೆಗಾಗಿ ಧಾರವಾಡಕ್ಕೆ ಹೋಗುತ್ತೇವೆ. ಹೋಗಿ ಬರುವುದರಲ್ಲಿ ಇಡೀ ದಿನ ಮುಗಿಯುತ್ತದೆ. ಅಕ್ಕ ಕೌದಿ ಹೊಲಿಯುವುದನ್ನು ಬಿಟ್ಟಿದ್ದಾಳೆ, ಸೂಜಿ ನಿಲ್ಲುವುದಿಲ್ಲ. ಯಾರನ್ನೂ ಅಣಕಿಸುವುದಿಲ್ಲ. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಕಲಘಟಗಿ ಬೋರ್ಡಿನ ಬಸ್ಸು ಬಂದು ನಿಂತರೆ ಓದುತ್ತಾಳೆ. ಆಮೇಲೆ ಅದಕ್ಕೆ ಬೆನ್ನು ಮಾಡಿ ಕೂರುತ್ತಾಳೆ.