ಕೃತಜ್ಞತೆಯ ಪುಟದ ಕೊನೆಯ ಸಾಲು

ಕಳೆದ ವಾರ ಒಬ್ಬ ಹೆಂಗಸು ಅಂಗಡಿಗೆ ಬಂದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕಟ್ಟೊಂದನ್ನು ಮೇಜಿನ ಮೇಲಿಟ್ಟಳು. ಗಂಟು ಬಿಚ್ಚುವ ಮೊದಲೇ ಹದಗೊಂಡ ಹೊಗೆಸೊಪ್ಪಿನ ವಾಸನೆ ಬಂತು. ಮೊದಲು ಬೆಲ್ಲ ಸೀದಂತೆ, ಆಮೇಲೆ ಗಂಟಲಿಗೆ ಹತ್ತುವಂತೆ... ಬರೆದ ಹಾಳೆಗಳ ನಡುವೆ ಹೊಗೆಸೊಪ್ಪಿನ ಎಲೆ ಇಟ್ಟರೆ ಹುಳ ಬರುವುದಿಲ್ಲ ಎಂದು ನಂಬಿದವರು ನನಗೆ ಗೊತ್ತಿದ್ದಂತೆ ಹುಣಸೂರಿನಲ್ಲಿ ಒಬ್ಬರೇ ಇದ್ದರು.

"ಅಮ್ಮಂದು. ಅರ್ಧಕ್ಕೇ ನಿಂತೋಯ್ತು," ಎಂದಳು ಆಕೆ. "ನಿಮ್ಮ ಹತ್ರಾನೇ ಟೈಪ್ ಮಾಡಿಸ್ಬೇಕು ಅಂತಿದ್ರು."

ಬಿಚ್ಚದೆಯೇ ಕಟ್ಟನ್ನು ಮೇಜಿನ ಒಂದು ಬದಿಗೆ ಸರಿಸಿದೆ.

ಅವರು ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟ ಮಿಸ್. ನನಗೆ ಮಾತ್ರವಲ್ಲ, ಅರ್ಧ ಊರಿಗೆ ಅವರು ಮಿಸ್ಸೇ. ನಿವೃತ್ತಿಯಾಗಿ ಎರಡು ವರ್ಷದ ಮೇಲೆ, ತಾಲ್ಲೂಕು ಕಚೇರಿಯ ಹತ್ತಿರವಿರುವ ನನ್ನ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಗೆ ಬಂದು ನೂರು ಪುಟದ ನೋಟ್‌ಬುಕ್ ಒಂದನ್ನು ಕೈಗಿಟ್ಟರು. ಪೆನ್ಶನ್ ಅರ್ಜಿ ಇರಬೇಕು ಎಂದುಕೊಂಡೆ. ಅದು ಪತ್ತೇದಾರಿ ಕಾದಂಬರಿ. ಮದುವೆ ಮನೆಯಲ್ಲಿ ಪಾಯಸದ ಕೊಳಗ ಕಾಣೆಯಾಗುತ್ತದೆ. ಬ್ಲೌಸ್ ಹೊಲಿಯುವ ವಿಧವೆಯೊಬ್ಬಳು, ಬಂದವರ ಅಳತೆ ತೆಗೆಯುತ್ತ ತೆಗೆಯುತ್ತಲೇ ಕಳ್ಳನನ್ನು ಹಿಡಿಯುತ್ತಾಳೆ.

"ಒಂದು ಕೊಲೇನೂ ಇಲ್ವಲ್ಲ ಮಿಸ್," ಎಂದಿದ್ದೆ.

"ನಾನು ಈ ಊರಲ್ಲೇ ತರಕಾರಿ ತರ್ಬೇಕು ಕಣೇ. ಹೆಣ ಬೀಳಿಸಿದ್ರೆ ಯಾರು ಮಾತಾಡಿಸ್ತಾರೆ?"

ಆಮೇಲೆ ವರ್ಷಕ್ಕೊಂದು ಪುಸ್ತಕ. ಯಾವ ಪ್ರಕಾಶಕರ ಹತ್ತಿರವೂ ಅವರು ಹೋಗಲಿಲ್ಲ. ನಾನು ಟೈಪ್ ಮಾಡಿಕೊಡುತ್ತಿದ್ದೆ, ಕೆ.ಆರ್. ನಗರದ ಒಂದು ಪ್ರೆಸ್ಸಿನಲ್ಲಿ ಮುನ್ನೂರು ಪ್ರತಿ ಅಚ್ಚಾಗುತ್ತಿತ್ತು. ಕಟ್ಟುಗಳನ್ನು ಬಸ್ಸಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಅವರೇ ಬರುತ್ತಿದ್ದರು. ನಾಮಕರಣ, ಗೃಹಪ್ರವೇಶಗಳಲ್ಲಿ ತಾಂಬೂಲದ ಜೊತೆ ಕೊಡಲು ಜನ ಅವರ ಪುಸ್ತಕ ಕೊಳ್ಳುತ್ತಿದ್ದರು. ಓದಿದವರು ಇದು ಯಾರ ಮನೆಯ ಕಥೆ ಎಂದು ಊಹಿಸುತ್ತಿದ್ದರು. ಮಿಸ್ ನಕ್ಕು ಸುಮ್ಮನಾಗುತ್ತಿದ್ದರು.

ಅವರಿಗೊಂದು ಪದ್ಧತಿಯಿತ್ತು. ಪ್ರತಿ ಪುಸ್ತಕಕ್ಕೂ ಕಥೆಗಿಂತ ಮೊದಲು ಕೃತಜ್ಞತೆಯ ಪುಟ ಬರೆಯುತ್ತಿದ್ದರು. ಬೀಗದ ವಿಷಯ ಹೇಳಿದ ಬೀಗ ರಿಪೇರಿಯವರಿಗೆ, ಹಾವಿನ ವಿಷಯ ತಿಳಿಸಿದ ಫಾರೆಸ್ಟ್ ಗಾರ್ಡಿಗೆ, ಹೀಗೆ. ಹೆಸರು ಹಾಕುತ್ತಿರಲಿಲ್ಲ, ಕೆಲಸ ಮಾತ್ರ. "ಋಣ ಬರೆದಿಟ್ಟರೆ ಕಥೆ ಮುಗಿಸಲೇಬೇಕಾಗುತ್ತೆ" ಎನ್ನುತ್ತಿದ್ದರು. ಕೊನೆಯ ಸಾಲು ಯಾವಾಗಲೂ ನನ್ನದು: 'ಟೈಪ್ ಮಾಡಿಕೊಟ್ಟ ನನ್ನ ಹಳೆಯ ವಿದ್ಯಾರ್ಥಿನಿಗೆ.' ಪ್ರತಿ ಸಲ ಆ ಸಾಲನ್ನು ಟೈಪ್ ಮಾಡುವಾಗ ನನಗೆ ನಾಚಿಕೆಯೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು.

ಐದನೆಯ ಪುಸ್ತಕ ಬಂದ ಮರುವರ್ಷ, ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ, ನಾನು ನೋಡಬಾರದ್ದನ್ನು ನೋಡಿದೆ. ನನ್ನ ಗಂಡನ ಊರು ಕಟ್ಟೆಮಳಲವಾಡಿಯ ಆಚೆ, ಆಗ ನಾವಿದ್ದದ್ದೂ ಅಲ್ಲೇ. ಭಾನುವಾರ ಮಧ್ಯಾಹ್ನ ನಮ್ಮ ಹೊಲದ ಆಳುಗಳಿಗೆ ಊಟ ತೆಗೆದುಕೊಂಡು ಹೋಗುತ್ತಿದ್ದೆ. ಪಕ್ಕದ ಹೊಲದವರ ಬ್ಯಾರನ್, ಅಂದರೆ ಸೊಪ್ಪನ್ನು ಒಲೆಯ ಕಾವಿನಲ್ಲಿ ಒಣಗಿಸಿ ಬೇಯಿಸುವ ಎತ್ತರದ ಮನೆ, ತುಂಬಿತ್ತು. ಅದಕ್ಕೆ ಉರಿ ಹಾಕುತ್ತಿದ್ದ ಅಜ್ಜ ಊಟಕ್ಕೆಂದು ಬಾವಿಯ ಕಡೆ ಹೋಗಿದ್ದ. ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಯವನು, ಪ್ರತಿ ವರ್ಷ ಅದೇ ಕೆಲಸಕ್ಕೆ ಬರುತ್ತಿದ್ದ. ಅಷ್ಟರಲ್ಲಿ ನನ್ನ ಗಂಡನ ದೊಡ್ಡಪ್ಪನ ಮಗ, ನನಗೆ ಭಾವ, ಬದು ದಾಟಿ ಬಂದ. ಆ ಬದುವಿಗಾಗಿಯೇ ಅವನಿಗೂ ಪಕ್ಕದ ಹೊಲದವರಿಗೂ ವರ್ಷಗಟ್ಟಲೆ ಜಗಳ. ಒಲೆಯ ಬಾಯಿಂದ ಉರಿಯುವ ಕೊಳ್ಳಿ ಎಳೆದು, ಬ್ಯಾರನ್ನಿನ ಕೆಳಗಿನ ಗಾಳಿಕಿಂಡಿಯೊಳಗೆ ತಳ್ಳಿ, ಕೈ ಒರೆಸಿಕೊಂಡು ಬಂದ ದಾರಿಯಲ್ಲೇ ಹೋದ. ನಾನು ಹುಣಸೆ ಮರದ ಹಿಂದೆ ನಿಂತಿದ್ದೆ. ಒಣಗಿದ ಸೊಪ್ಪು ಹತ್ತಿಕೊಳ್ಳುವಾಗ ಬರುವ ಸದ್ದು... ಮಳೆಯ ಸದ್ದಿನ ಹಾಗೇ ಇರುತ್ತದೆ. ಈಗಲೂ ಮಳೆ ಬಂದರೆ ಒಮ್ಮೆ ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ.

ಅಜ್ಜ ಉರಿ ಹೆಚ್ಚು ಮಾಡಿದ್ದರಿಂದಲೇ ಬೆಂಕಿ ಬಿತ್ತು ಎಂದು ಎಲ್ಲರೂ ಹೇಳಿದರು. ಅವನನ್ನು ಅವತ್ತೇ ಕೆಲಸ ಬಿಡಿಸಿ ಕಳಿಸಿದರು. ನಾನು ಬಾಯಿ ಬಿಡಲಿಲ್ಲ. ಭಾವನ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ಹದಿನೈದು ದಿನ ನಿದ್ದೆ ಬಾರದೆ, ಕೊನೆಗೆ ಮಿಸ್ ಹತ್ತಿರ ಹೇಳಿಬಿಟ್ಟೆ. ಅವರ ಅಡುಗೆಮನೆಯಲ್ಲಿ, ಅವರು ಅವರೆಕಾಳು ಬಿಡಿಸುತ್ತಿದ್ದಾಗ. ಕೇಳುತ್ತ ಕೇಳುತ್ತ ಅವರ ಕೈ ನಿಂತಿತು.

"ಯಾರಿಗೂ ಹೇಳ್ಬೇಡಿ ಮಿಸ್."

"ನಾನು ಯಾರಿಗೆ ಹೇಳ್ಲಿ ಹುಡುಗಿ," ಎಂದು ತಲೆ ಸವರಿದರು. ಅಮ್ಮ ಹೋದ ಮೇಲೆ ನನ್ನ ತಲೆ ಸವರಿದವರು ಅವರೊಬ್ಬರೇ. ಅವತ್ತು ರಾತ್ರಿ ನಿದ್ದೆ ಬಂತು.

ಆ ವರ್ಷ ಅವರು ನೋಟ್‌ಬುಕ್ ತರಲಿಲ್ಲ. ಕೇಳಿದ್ದಕ್ಕೆ, "ಪ್ರೆಸ್ಸಿನಲ್ಲೇ ಟೈಪ್ ಮಾಡ್ತಾರಂತೆ, ನಿನ್ನ ಕಣ್ಣಿಗೂ ಸ್ವಲ್ಪ ರೆಸ್ಟು" ಎಂದರು. ನಾನು ನಂಬಿದೆ. ಅವರ ಕಥೆಗಳಲ್ಲಿ ಆ ಬ್ಲೌಸ್ ಹೊಲಿಯುವವಳು ಪದೇ ಪದೇ ಹೇಳುವ ಮಾತೊಂದಿದೆ: ಯಾರು ಏನು ಮಾಡಿದರು ಅಂತ ನೋಡಬೇಡಿ, ದಿನಾ ಮಾಡುತ್ತಿದ್ದುದನ್ನು ಯಾವತ್ತು ಬಿಟ್ಟರು ಅಂತ ನೋಡಿ. ಐದು ಪುಸ್ತಕಗಳಲ್ಲಿ ಅದನ್ನು ನಾನೇ ಟೈಪ್ ಮಾಡಿದ್ದೆ. ಆದರೂ ನನಗೆ ಹೊಳೆಯಲಿಲ್ಲ.

ಪುಸ್ತಕ ಬಂದದ್ದು ನನಗೆ ತಿಳಿದದ್ದು ಭಾವನಿಂದ. ಯಾವುದೋ ಗೃಹಪ್ರವೇಶದ ತಾಂಬೂಲದ ಚೀಲದಲ್ಲಿ ಅವನಿಗೆ ಸಿಕ್ಕಿತ್ತಂತೆ. ಬೆಳಿಗ್ಗೆ ಹನ್ನೊಂದರ ಹೊತ್ತು, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪುಸ್ತಕವನ್ನು ತೆರೆದು ಮೆಷಿನ್ನಿನ ಮೇಲೆ ಅವನೇ ಮಗುಚಿಟ್ಟ.

"ಈ ಒಂದು ಪೇಜು ಜೆರಾಕ್ಸ್ ಮಾಡಿಕೊಡವ್ವ."

ಹಾಳೆ ಹೊರಗೆ ಬಂತು. ಕೃತಜ್ಞತೆಯ ಪುಟ. ಕೊನೆಯ ಸಾಲು: 'ಕಣ್ಣಾರೆ ಕಂಡದ್ದನ್ನು ನನ್ನನ್ನು ನಂಬಿ ಹೇಳಿದ, ಇದುವರೆಗೆ ನನ್ನ ಪುಸ್ತಕಗಳನ್ನು ಟೈಪ್ ಮಾಡಿಕೊಟ್ಟ ಹಳೆಯ ವಿದ್ಯಾರ್ಥಿನಿಗೆ.'

ಹಾಳೆಯನ್ನು ಅವನ ಕೈಗೆ ಕೊಟ್ಟೆ.

"ಮಿಸ್ಸು ಚಂದಾಗ್ ಬರ್ದವ್ರೆ," ಎಂದ ಭಾವ, ತಣ್ಣಗೆ. "ಬ್ಯಾರನ್ ಅನ್ನೋ ಕಡೆ ಅಕ್ಕಿ ಮಿಲ್ಲು ಅಂತ ಆಕವ್ರೆ. ಬದು ಬದಲು ಚರಂಡಿ. ಮಿಕ್ಕಿದ್ದೆಲ್ಲಾ ಅಂಗಂಗೇ ಐತೆ."

"ಭಾವ, ಅದು ಬರೀ ಕಥೆ..."

"ಕಥೆ ಅಂತ್ಲೇ ನಾನೂ ಯೇಳ್ತಿರಾದು." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡ. ಬಾಗಿಲ ಹತ್ತಿರ ನಿಂತು ಅಂಗಡಿಯನ್ನು ಒಂದು ಸುತ್ತು ನೋಡಿದ. "ಬರೀ ಪೇಪರೇ ತುಂಬ್ಕಂಡಿದ್ದೀಯ ಕಣವ್ವ. ಉಸಾರು."

ಅವನು ಹೋದ ಮೇಲೆ ಶಟರ್ ಎಳೆದೆ. ಆಮೇಲೆ ನೇರವಾಗಿ ಮಿಸ್ ಮನೆಗೆ ಹೋದೆ. ಅವರು ಪುಸ್ತಕಗಳ ಕಟ್ಟು ಬಿಚ್ಚುತ್ತಿದ್ದರು.

"ಎಲ್ಲಾ ಬದಲಾಯಿಸಿದ್ದೀನಿ ಕಣೇ," ಎಂದರು ನಾನು ಕೇಳುವ ಮೊದಲೇ. "ಊರು, ಮಿಲ್ಲು, ಎಲ್ಲಾ. ಆ ಅಜ್ಜಂದು ತಪ್ಪಿಲ್ಲ ಅಂತ ಯಾರಾದ್ರೂ ಬರೀಬೇಕಿತ್ತು. ಕೊನೇಲಿ ಬೆಂಕಿ ಇಟ್ಟವನು ಸಿಕ್ಕಿಬೀಳ್ತಾನೆ, ಓದು ನೀನು."

"ಪುಸ್ತಕದಲ್ಲಿ ಸಿಕ್ಕಿಬೀಳ್ತಾನೆ ಮಿಸ್. ಈಗ ಅಂಗಡಿಗೆ ಬಂದು ಹೋದ."

ಅವರು ಕಟ್ಟಿನ ದಾರ ಕೆಳಗಿಟ್ಟರು. "ಋಣ ಅಲ್ವೇನೇ... ಬಿಟ್ಟುಬಿಟ್ಟರೆ ತಪ್ಪಾಗ್ತಿತ್ತು," ಎಂದರು ಮೆಲ್ಲಗೆ. ಅವರು ನಿಜವಾಗಿಯೂ ಹಾಗೆಯೇ ನಂಬಿದ್ದರು. ನನಗೆ ಇವತ್ತಿಗೂ ಸಹಿಸಲಾಗದ್ದು ಅದೇ. ಆದರೆ ಅವರ ಪದ್ಧತಿ ನನಗೆ ಗೊತ್ತಲ್ಲ: ಮೊದಲು ಕೃತಜ್ಞತೆ, ಆಮೇಲೆ ಕಥೆ. ಅಂದರೆ ಆ ಸಾಲು ಹುಟ್ಟಿದ್ದು ಅವರೆಕಾಯಿಯ ಸಿಪ್ಪೆ ಇನ್ನೂ ಬುಟ್ಟಿಯಲ್ಲಿದ್ದಾಗಲೇ ಇರಬೇಕು. ತಲೆ ಸವರಿದ ಕೈ ತೊಳೆದುಕೊಂಡು ಪೆನ್ನು ಹಿಡಿದಿತ್ತು. ಮತ್ತು ತಾವು ಮಾಡುತ್ತಿರುವುದು ಏನೆಂದು ಅವರಿಗೆ ಗೊತ್ತಿಲ್ಲದಿದ್ದರೆ, ಆ ಒಂದು ವರ್ಷ ನೋಟ್‌ಬುಕ್ ನನ್ನ ಅಂಗಡಿಗೇ ಬರುತ್ತಿತ್ತು.

ಮತ್ತೆ ಅವರ ಮನೆಗೆ ಹೋಗಲಿಲ್ಲ. ನಾವು ಹಳ್ಳಿಯ ಮನೆ ಬಿಟ್ಟು ಪೇಟೆಯಲ್ಲೇ ಬಾಡಿಗೆಗೆ ಬಂದೆವು. ಗಂಡನಿಗೆ ಕಾರಣ ಹೇಳಿದಾಗ ಅವರು, "ನನಗೆ ಹೇಳೋಕೆ ಮುಂಚೆ ಅವರಿಗೆ ಹೇಳಿದ್ಯಾ?" ಎಂದರು. ಭಾವ ಏನೂ ಮಾಡಲಿಲ್ಲ. ಆಗಾಗ ಅಂಗಡಿಯ ಮುಂದೆ ಬೈಕು ನಿಧಾನ ಮಾಡುತ್ತಾನೆ, ಅಷ್ಟೇ. ಅಷ್ಟೇ ಸಾಕಾಗಿದೆ.

ಅದಾದ ಮೇಲೆ ಮಿಸ್ ಹೊಸ ಪುಸ್ತಕ ತರಲಿಲ್ಲ. ಎರಡು ಸಲ ಅಂಗಡಿಯ ಮೆಟ್ಟಿಲವರೆಗೆ ಬಂದಿದ್ದರು. ನಾನು ತಲೆ ತಗ್ಗಿಸಿ ಟೈಪ್ ಮಾಡುತ್ತಲೇ ಇದ್ದೆ. ಆ ಹೊತ್ತಿನಲ್ಲಿ ಏನು ಟೈಪ್ ಮಾಡಿದೆನೋ, ಎಲ್ಲವನ್ನೂ ಆಮೇಲೆ ಅಳಿಸಬೇಕಾಯಿತು. ಅವರು ತೀರಿಹೋದ ಸುದ್ದಿಯನ್ನು ಪಿರಿಯಾಪಟ್ಟಣದಿಂದ ಬಂದ ಗಿರಾಕಿಯೊಬ್ಬರು ಹೇಳಿದರು, ಜಾತಿ ಪ್ರಮಾಣಪತ್ರದ ಅರ್ಜಿ ತುಂಬಿಸುತ್ತ.

ಕಳೆದ ವಾರ ಮಿಸ್ ಮಗಳು ಹೋದ ಮೇಲೆ ಕಟ್ಟು ಬಿಚ್ಚಿದೆ. ಎಲೆ ಸರಿಸಿದರೆ ಮೊದಲ ಹಾಳೆಯೇ ಕೃತಜ್ಞತೆಯ ಪುಟ. ಈ ಸಲ ಅಂಚೆಯವರಿಗೆ, ಔಷಧಿ ಅಂಗಡಿಯವರಿಗೆ... ಕೊನೆಯ ಸಾಲು 'ಟೈಪ್ ಮಾಡಿಕೊಟ್ಟ' ಎಂದು ಶುರುವಾಗಿತ್ತು. ಅದರ ಮೇಲೆ ಗೆರೆ ಎಳೆದಿದ್ದರು. ಒಂದಲ್ಲ, ಮತ್ತೆ ಮತ್ತೆ, ಹಾಳೆ ಹರಿಯುವಷ್ಟು. ನನ್ನನ್ನು ಉಳಿಸಲಿಕ್ಕೋ, ನನ್ನ ಮೇಲಿನ ಸಿಟ್ಟಿಗೋ, ತಮ್ಮ ಮೇಲಿನ ಸಿಟ್ಟಿಗೋ... ಕೇಳಲು ಅವರಿಲ್ಲ.

ಮೂವತ್ತೆಂಟು ಪುಟಗಳನ್ನೂ ಟೈಪ್ ಮಾಡಿದೆ. ಹೊಡೆದುಹಾಕಿದ ಸಾಲನ್ನು ಸೇರಿಸಲಿಲ್ಲ. ಮಿಸ್ ಪುಸ್ತಕದಲ್ಲಿ ನಾನು ಎಲ್ಲೂ ಇಲ್ಲದಿರುವುದು ಇದೇ ಮೊದಲು. ಇಷ್ಟು ವರ್ಷ ನಾನು ಬಯಸಿದ್ದೂ ಅದನ್ನೇ. ಆದರೂ ಆ ಪುಟವನ್ನು ಪ್ರಿಂಟ್ ತೆಗೆದು ಬಹಳ ಹೊತ್ತು ಹಿಡಿದುಕೊಂಡಿದ್ದೆ. ಎಚ್.ಡಿ. ಕೋಟೆ ಕಡೆ ಆ ಅಜ್ಜ ಇದ್ದಾನೋ ಇಲ್ಲವೋ. ಅವನ ತಪ್ಪಿಲ್ಲ ಎಂದು ಬರೆದವರು ಒಬ್ಬರೇ, ಅದೂ ಅಕ್ಕಿ ಮಿಲ್ಲಿನ ಹೆಸರಿನಲ್ಲಿ. ಕಂಡವಳು ಇವತ್ತಿಗೂ ಊರಿನೆದುರು ಹೇಳಿಲ್ಲ.

ಎಲೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಕಟ್ಟು ಕಟ್ಟಿದೆ. ಶಟರ್ ಎಳೆಯುವ ಮೊದಲು, ಭಾವ ಬಂದುಹೋದಂದಿನಿಂದ ಮಾಡುವಂತೆ, ಸ್ವಿಚ್ಚುಗಳನ್ನು ಎರಡು ಸಲ ಮುಟ್ಟಿ ನೋಡಿದೆ. ಬೆರಳಿನಲ್ಲಿ ಹೊಗೆಸೊಪ್ಪಿನ ವಾಸನೆ ಇನ್ನೂ ಇತ್ತು.